ನಂದಿ ಬೆಟ್ಟಕ್ಕೆ ದಾರಿ ಮಾಡಿದವರು

ಮೊದಲೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಇಲ್ಲಿ ಕೂತವರಲ್ಲಿ ನಂದಿ ಬೆಟ್ಟಕ್ಕೆ ಹೋಗದವರು ಯಾರಿದ್ದೀರಿ? ಒಂದು ಕೈಯೂ ಏಳಲಿಲ್ಲ. ಸರಿ, ಅಲ್ಲಿ ಕೋಟೆ ನೋಡಿದವರು? ಮೂರು ಕೈ, ನಾಲ್ಕು. ಅದರಲ್ಲಿ ಎರಡು ಅರ್ಧಕ್ಕೇ ನಿಂತಿವೆ.

ಬೇಜಾರಿಲ್ಲ. ನಾವು ಹೋಗುವುದೇ ಹಾಗೆ. ರಾತ್ರಿ ಮೂರು ಗಂಟೆಗೆ ಎದ್ದು, ಕಣ್ಣುಜ್ಜಿಕೊಂಡು ಗಾಡಿ ಹತ್ತಿ, ಹೆಬ್ಬಾಳ ದಾಟಿ, ದೇವನಹಳ್ಳಿ ದಾಟಿ, ಬೆಟ್ಟದ ಬುಡದಲ್ಲಿ ಸಾಲು ನಿಂತು, ಮೇಲೆ ಹೋಗಿ ಮಂಜಿನ ಫೋಟೊ ತೆಗೆದು, ಏನಾದರೂ ಬಿಸಿಬಿಸಿ ತಿಂದು, ಹತ್ತು ಗಂಟೆಗೆ ಮನೆ. ಆ ಫೋಟೊದಲ್ಲಿ ನೀವು ಮೊಣಕೈ ಊರಿಕೊಂಡು ನಿಂತಿರುತ್ತೀರಲ್ಲ ಒಂದು ಗೋಡೆ, ಅದೇ ಕೋಟೆ.

ನಾನು ಇತಿಹಾಸದ ಮೇಷ್ಟ್ರಲ್ಲ. ಕೋಟೆ ಹತ್ತುವ ಚಟ ಇದೆ, ಅಷ್ಟೆ. ಬಹಳ ವರ್ಷ ನಾನೂ ಎಲ್ಲರ ಹಾಗೆ ಗೋಡೆ ನೋಡುತ್ತಿದ್ದೆ. ಎಷ್ಟು ಎತ್ತರ, ಎಷ್ಟು ದಪ್ಪ, ಎಷ್ಟು ಕೊತ್ತಲ. ಆಮೇಲೆ ನಿಧಾನಕ್ಕೆ ಒಂದು ವಿಷಯ ತಲೆಗೆ ಹೋಯಿತು. ಬೆಟ್ಟದ ಕೋಟೆಗೆ ಗೋಡೆಯ ಕೆಲಸ ಮುಕ್ಕಾಲು ಪಾಲು ಬಂಡೆಯೇ ಮಾಡಿಕೊಟ್ಟಿರುತ್ತದೆ. ಅಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಮೇಲೆ ಹೋಗುವ ದಾರಿ ಯಾರ ಕೈಯಲ್ಲಿದೆ? ನಂದಿದುರ್ಗದ ಕಥೆಯನ್ನ ಇವತ್ತು ಹಾಗೇ ಹೇಳುತ್ತೇನೆ. ರಾಜರು ಕಡಿಮೆ ಬರುತ್ತಾರೆ, ಎತ್ತುಗಳು ಜಾಸ್ತಿ ಬರುತ್ತವೆ.

ಬೆಟ್ಟ ಸಮುದ್ರಮಟ್ಟದಿಂದ 4,851 ಅಡಿ. ಬೆಂಗಳೂರೇ ಹೆಚ್ಚುಕಡಿಮೆ 3,000 ಅಡಿ ಮೇಲಿದೆ, ಹಾಗಾಗಿ ನಮಗೆ ಕಾಣುವ ಎತ್ತರ ಅದರಲ್ಲಿ ಮೂರನೇ ಒಂದು ಪಾಲು. ಆದರೆ ಸುತ್ತ ಎಲ್ಲ ಬಯಲು. ಬಯಲಿನ ನಡುವೆ ಇಂಥ ಬಂಡೆ ಎದ್ದು ನಿಂತರೆ ಮೇಲೆ ಕೂತವನಿಗೆ ಒಂದು ದಿನದ ದಾರಿಯಲ್ಲಿ ಯಾರು ಬರುತ್ತಿದ್ದಾರೆ ಅಂತ ಕಾಣುತ್ತದೆ. ಮೋಡ ಇಲ್ಲದ ದಿನ ಹೋಗಿ ನೋಡಿ. ದೇವನಹಳ್ಳಿ ಕಡೆ ವಿಮಾನ ಇಳಿಯುವುದು ಕಾಣುತ್ತದೆ. ಹಿಂದೆ ಅದೇ ಕಡೆ ದಂಡು ಎಬ್ಬಿಸಿದ ಧೂಳು ಕಾಣುತ್ತಿತ್ತು.

ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿ ಇದೆ. ಅದರ ಹಳೆಯ ಭಾಗ 9ನೇ ಶತಮಾನದ್ದು. ಬೆಟ್ಟದ ತುದಿಯಲ್ಲಿ ಯೋಗನಂದೀಶ್ವರ. ಅಂದರೆ ಸೈನಿಕರು ಬರುವುದಕ್ಕೆ ಎಷ್ಟೋ ಮೊದಲೇ ಭಕ್ತರು ಮೇಲಕ್ಕೆ ದಾರಿ ಮಾಡಿಕೊಂಡಿದ್ದರು. ನನ್ನ ಲೆಕ್ಕದಲ್ಲಿ ಈ ಬೆಟ್ಟದ ಮೊದಲ ರಸ್ತೆ ಕಂಟ್ರಾಕ್ಟರುಗಳು ಅವರೇ. ಬರಿಗಾಲಲ್ಲಿ, ಬಿಲ್ ಇಲ್ಲದೆ.

ಕೋಟೆ ಶುರುವಾಗಿದ್ದು ಚಿಕ್ಕಬಳ್ಳಾಪುರದ ಪಾಳೇಗಾರರಿಂದ. ಇವರು ಆವತಿ ನಾಡಪ್ರಭುಗಳ ವಂಶದ ಕವಲು. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ಹೆದ್ದಾರಿ ಪಕ್ಕ ಆವತಿ ಸಿಗುತ್ತದೆ. ಸಣ್ಣ ಊರು, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ದಾಟಿ ಹೋಗಿರುತ್ತದೆ. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಮೂರೂ ಈ ಮನೆತನದವರು ಕಟ್ಟಿದ ಊರುಗಳು. ಬಯಲಲ್ಲಿ ಊರು, ಕಷ್ಟ ಬಂದರೆ ಏರುವುದಕ್ಕೆ ಒಂದು ಬೆಟ್ಟ. ಅದು ಆ ಕಾಲದ ಪಾಳೇಗಾರರ ಲೆಕ್ಕ. ಮಾಗಡಿಯವರಿಗೆ ಸಾವನದುರ್ಗ ಹೇಗೋ ಇವರಿಗೆ ನಂದಿ ಹಾಗೆ.

ಆ ಕಷ್ಟ 1762ರಲ್ಲಿ ಬಂತು. ಬಂದದ್ದು ಹೈದರಾಲಿ. ಈತ ಈ ಸೀಮೆಯ ಸಂದುಗೊಂದು ಬಲ್ಲವನು. 1749ರ ದೇವನಹಳ್ಳಿ ಮುತ್ತಿಗೆಯಲ್ಲೇ ಅವನ ಹೆಸರು ಮೊದಲು ಮೈಸೂರು ದಳವಾಯಿಯ ಕಿವಿಗೆ ಬಿದ್ದಿದ್ದು. ಅವನ ಮಗ ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ. ಚಿಕ್ಕಬಳ್ಳಾಪುರದ ಪಾಳೇಗಾರ ಮೊದಲು ಕಪ್ಪ ಕೊಡುತ್ತೇನೆ ಅಂತ ಒಪ್ಪಿ ಹೈದರನ ದಂಡನ್ನು ಹಿಂದಕ್ಕೆ ಕಳಿಸಿದ. ದಂಡು ಅತ್ತ ಹೋದದ್ದೇ ತಡ, ಗುತ್ತಿಯ ಮರಾಠಾ ಸರದಾರ ಮುರಾರಿರಾಯನ ಸೈನ್ಯವನ್ನು ಕರೆಸಿಕೊಂಡು ಊರಲ್ಲಿ ಇಟ್ಟು, ತಾನು ನಂದಿ ಏರಿ ಕೂತ. ಜಾಣತನವೇ. ಆದರೆ ಮೇಲೆ ಕೂತವನಿಗೆ ಊಟ ಕೆಳಗಿನಿಂದಲೇ ಬರಬೇಕಲ್ಲ. ಹೈದರ್ ವಾಪಸ್ ಬಂದು ಊರು ಹಿಡಿದ, ಆಮೇಲೆ ಬೆಟ್ಟವನ್ನೂ ಹಿಡಿದ, ಪಾಳೇಗಾರ ಸೆರೆಯಾಗಿ ಬೆಂಗಳೂರಿಗೆ ಹೋದ. 1770ರ ಹೊತ್ತಿಗೆ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಬಂದು ಬೆಟ್ಟ ಕಿತ್ತುಕೊಂಡಿತು. 1772ರಲ್ಲಿ ಮಾಧವರಾಯ ತೀರಿಕೊಂಡ ಮೇಲೆ ಪುಣೆಯವರಿಗೆ ಮನೆಯ ಜಗಳವೇ ಸಾಕಾಯಿತು, ಹೈದರ್ ಮತ್ತೆ ವಾಪಸ್ ತೊಗೊಂಡ. ಇಷ್ಟು ಸಾಕು, ಈ ಕೊಟ್ಟುತೆಗೆದುಕೊಳ್ಳುವ ಕಥೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಬೇಡ.

ಇವತ್ತು ನಾವು ನೋಡುವ ಕೋಟೆಯ ಬಹುಪಾಲು ಹೈದರ್ ಮತ್ತು ಟಿಪ್ಪು ಕಾಲದ್ದು. ಅವರು ಮಾಡಿದ್ದು ಸರಳ. ಬೆಟ್ಟದ ಸುತ್ತ ನಡೆದು ನೋಡಿದರೆ ಎಲ್ಲ ಕಡೆ ಕಡಿದು ಬಿದ್ದ ಬಂಡೆ, ಮನುಷ್ಯ ಹತ್ತುವ ಹಾಗಿಲ್ಲ. ಪಶ್ಚಿಮದ ಕಡೆ ಮಾತ್ರ ಇಳಿಜಾರು. ಹಾಗಾಗಿ ದುಡ್ಡು, ಕಲ್ಲು, ಕೂಲಿ ಎಲ್ಲ ಆ ಕಡೆಗೇ ಸುರಿದರು. ಒಂದರ ಹಿಂದೆ ಒಂದು ಎರಡು ಸುತ್ತು ಗೋಡೆ. ಮೂರನೆಯದಕ್ಕೂ ಪಾಯ ಹಾಕಿದ್ದರು. ಅದು ಮೇಲೇಳಲಿಲ್ಲ, ಅಷ್ಟರಲ್ಲಿ ಯುದ್ಧ ಬಂತು.

ಬೆಟ್ಟದ ಅಂಚಿನ ಪ್ರಪಾತ, ಆ ಟಿಪ್ಪು ಡ್ರಾಪ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಪ್ರತಿ ಸಲವೂ ಕೇಳುತ್ತಾರೆ. ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರು ಅಂತ ಗೈಡುಗಳು ಹೇಳುತ್ತಾರೆ, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನನಗೆ ಆ ಜಾಗ ಕಾಣುವುದೇ ಬೇರೆ ಥರ. ಕೋಟೆ ಕಟ್ಟಿಸುವ ಕಿಲ್ಲೇದಾರನ ಕಣ್ಣಲ್ಲಿ ನೋಡಿ. ಅಷ್ಟುದ್ದದ ಪ್ರಪಾತ ಅಂದರೆ ಪುಕ್ಕಟೆ ಸಿಕ್ಕ ಗೋಡೆ. ಆ ಕಡೆ ನಾಲ್ಕು ಜನ ಕಾವಲು ಇಟ್ಟರೆ ಸಾಕು, ಉಳಿದವರನ್ನೆಲ್ಲ ಪಶ್ಚಿಮಕ್ಕೆ ಕಳಿಸಬಹುದು. ಇವತ್ತು ಬೇಲಿ ಹಾಕಿ, ದಾಟಬೇಡಿ ಅಂತ ಬೋರ್ಡು ಹಾಕಿದ್ದಾರೆ. ಕಾವಲು ಅಂತೂ ಮುಂದುವರಿದಿದೆ.

ಈಗ 1791ಕ್ಕೆ ಬರೋಣ. ಮೂರನೇ ಮೈಸೂರು ಯುದ್ಧ. ಒಂದು ಕಡೆ ಟಿಪ್ಪು, ಇನ್ನೊಂದು ಕಡೆ ಇಂಗ್ಲಿಷ್ ಕಂಪನಿ, ಮರಾಠರು, ಹೈದರಾಬಾದಿನ ನಿಜಾಮ. ಕಂಪನಿಯ ದಂಡಿನ ಮುಂದೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಬಂದಿದ್ದ. ಮಾರ್ಚ್ 7ಕ್ಕೆ ಬೆಂಗಳೂರಿನ ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು. ಕೆ.ಆರ್. ಮಾರ್ಕೆಟ್ ಹತ್ತಿರ ಬಸ್ಸಿನ ಹಾರ್ನ್ ನಡುವೆ ಇವತ್ತೂ ನಿಂತಿರುವ ಡೆಲ್ಲಿ ಗೇಟ್ ಇದೆಯಲ್ಲ, ಅದೇ ಕೋಟೆ. ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಸತ್ತ. ಹೆಣ ಕಳಿಸಿಕೊಡಲೇ ಅಂತ ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿ ಕಳಿಸಿದ. ಬೆಂಗಳೂರಲ್ಲೇ ಮರ್ಯಾದೆಯಿಂದ ಮಣ್ಣು ಮಾಡಿ ಅಂತ ಉತ್ತರ ಬಂತು.

ಬೆಂಗಳೂರು ಸಿಕ್ಕಿತಲ್ಲ, ಇನ್ನೇನು ಶ್ರೀರಂಗಪಟ್ಟಣ ಸಿಕ್ಕ ಹಾಗೇ ಅಂತ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಹೊರಟ. ಮೇ 15ರಂದು ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೂ ತಳ್ಳಿದ. ಶ್ರೀರಂಗಪಟ್ಟಣದ ಗೋಪುರ ಕಣ್ಣಿಗೆ ಕಾಣುತ್ತಿದೆ. ಆದರೆ ದಂಡಿಗೆ ತಿನ್ನಲು ಅಕ್ಕಿ ಇಲ್ಲ. ಮಳೆ ಬೇರೆ ಶುರುವಾಗಿದೆ. ದನಗಳಿಗೆ ಕಾಯಿಲೆ ಬಿದ್ದು ಎತ್ತುಗಳು ದಿನಕ್ಕೆ ನೂರು ನೂರು ಸಾಯುತ್ತಿವೆ. ಎತ್ತು ಸತ್ತರೆ ಫಿರಂಗಿ ಎಳೆಯುವವರು ಯಾರು? ಕೊನೆಗೆ ಗೋಡೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಒಡೆದು ಹೂತು, ಗಾಡಿಗಳನ್ನು ಸುಟ್ಟು ವಾಪಸ್ ಹೊರಟ. ಗೆದ್ದ ದಂಡು ಸೋತ ದಂಡಿನ ಹಾಗೆ ಹಿಂದಕ್ಕೆ ನಡೆದದ್ದು. ಇದರಲ್ಲಿ ಹೊಟ್ಟೆ ಉರಿಸುವ ಇನ್ನೊಂದು ಸಂಗತಿ ಇದೆ. ಫಿರಂಗಿ ಹಾಳು ಮಾಡಿ ಒಂದು ವಾರ ಆಗಿರಲಿಲ್ಲ, ಮೇಲುಕೋಟೆ ಹತ್ತಿರ ಮರಾಠರ ದಂಡು ಎದುರಾಯಿತು, ಹಿಂದೆ ದೊಡ್ಡ ಬಜಾರು ಕಟ್ಟಿಕೊಂಡು, ಕಾಳುಕಡಿ ತುಂಬಿಕೊಂಡು. ಅವರು ಇಷ್ಟು ಹತ್ತಿರ ಇದ್ದಾರೆ ಅಂತ ಇವರಿಗೆ ಗೊತ್ತೇ ಇರಲಿಲ್ಲ. ಯಾಕೆ? ಟಿಪ್ಪುವಿನ ಕುದುರೆ ಸವಾರರು ನಡುವೆ ಸುದ್ದಿ ಹೊತ್ತು ಓಡಾಡುವ ಹರಕಾರರನ್ನೆಲ್ಲ ಹಿಡಿದು ಹಾಕುತ್ತಿದ್ದರು.

ಇಲ್ಲಿ ಮೈಸೂರಿನವರ ಎತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಅರಮನೆಯ ದನಗಳ ಇಲಾಖೆ ಇತ್ತು. ಹೈದರ್ ಅದನ್ನು ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಹಾಲಿಗೆ ಅಲ್ಲ, ಫಿರಂಗಿಗೆ. ಕಾವಲು ಹುಲ್ಲುಗಾವಲಲ್ಲಿ ಅರ್ಧ ಕಾಡುಪ್ರಾಣಿಗಳ ಹಾಗೆ ಬೆಳೆದ ದನ, ಸಣ್ಣ ತಲೆ, ಚೂಪು ಕೊಂಬು, ಹಟ ಅಂದರೆ ಹಟ. ಕಂಪನಿಯ ಎತ್ತು ಕೂತುಬಿಡುವ ಕಡೆ ಇವು ಓಡುತ್ತಿದ್ದವು. ಟಿಪ್ಪುವಿನ ದಂಡು ಇವತ್ತು ಇಲ್ಲಿ ನಾಳೆ ಅಲ್ಲಿ ಅನ್ನುವ ಹಾಗೆ ಕಂಪನಿಯನ್ನು ಕಾಡಿದ್ದಕ್ಕೆ ನಾವು ರಾಕೆಟ್ಟು, ಕತ್ತಿ, ಹುಲಿ ಅಂತ ಏನೇನೋ ಹೇಳುತ್ತೇವೆ. ನನ್ನ ಮಟ್ಟಿಗೆ ಅದರ ಅರ್ಧ ಕೀರ್ತಿ ಈ ಎತ್ತುಗಳದ್ದು. ಇಂಗ್ಲಿಷರಿಗೂ ಇದು ಗೊತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತಮಹಲ್ ದನಗಳನ್ನು ತಮ್ಮ ಕೈಗೆ ತೊಗೊಂಡರು.

ಸರಿ, ಕಾರ್ನ್‌ವಾಲಿಸ್ ಬೆಂಗಳೂರಿಗೆ ವಾಪಸ್ ಬಂದ. ಬಂದವನಿಗೆ ಪಾಠ ಆಗಿತ್ತು. ಮುಂದಿನ ಸಲ ಹೋಗುವ ಮೊದಲು ಅಕ್ಕಿ ಬರುವ ದಾರಿ ಗಟ್ಟಿ ಮಾಡಿಕೊಳ್ಳಬೇಕು. ಕ್ಯಾಪ್ಟನ್ ರೀಡ್ ಅನ್ನುವ ಅಧಿಕಾರಿಯ ಮೂಲಕ ಬಂಜಾರರನ್ನು ಒಲಿಸಿಕೊಂಡ. ನಮ್ಮ ಲಂಬಾಣಿಗಳ ಹಿರೀಕರು. ಸಾವಿರಾರು ಎತ್ತಿನ ಮೇಲೆ ಧಾನ್ಯದ ಚೀಲ ಹೇರಿಕೊಂಡು, ಹೆಂಡತಿ ಮಕ್ಕಳ ಸಮೇತ ದಂಡಿನಿಂದ ದಂಡಿಗೆ ನಡೆಯುವ ವ್ಯಾಪಾರಿಗಳು. ಯಾವ ಪಕ್ಷಕ್ಕಾದರೂ ಮಾರುತ್ತಾರೆ, ದುಡ್ಡು ಮತ್ತು ದಾರಿ ಎರಡೂ ಭದ್ರ ಇದ್ದರೆ.

ದಾರಿ ಭದ್ರ ಇರಲಿಲ್ಲ. ಅದೇ ಸಮಸ್ಯೆ. ಬೆಂಗಳೂರಿನ ಉತ್ತರಕ್ಕೆ, ನಿಜಾಮನ ಸೀಮೆಯಿಂದ ಬರುವ ದಾರಿಯ ತಲೆಯ ಮೇಲೆ ನಂದಿದುರ್ಗ ಕೂತಿದೆ. ಪಶ್ಚಿಮಕ್ಕೆ ಸಾವನದುರ್ಗ, ಹುತ್ರಿದುರ್ಗ. ಬೆಂಗಳೂರು ಕೈಲಿದೆ, ಆದರೆ ಬೆಂಗಳೂರಿನ ಸುತ್ತ ಇರುವ ಬೆಟ್ಟದಲ್ಲೆಲ್ಲ ಟಿಪ್ಪುವಿನ ಜನ. ರಾತ್ರಿ ಕೆಳಗಿಳಿದು ಎತ್ತಿನ ಸಾಲು ಲೂಟಿ ಮಾಡಿ, ಬೆಳಿಗ್ಗೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡರೆ ಏನು ಮಾಡುತ್ತೀರಿ? ಮನೆ ಕೊಂಡುಕೊಂಡು, ಮನೆಗೆ ಹೋಗುವ ಓಣಿ ಬೇರೆಯವರ ಹೆಸರಲ್ಲಿದ್ದ ಹಾಗೆ. ನಮ್ಮ ಊರಲ್ಲಿ ಸೈಟು ತೊಗೊಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಹಾಗಾಗಿ 1791ರ ಸೆಪ್ಟೆಂಬರಿನಲ್ಲಿ ಮೇಜರ್ ಗೌಡಿ ಅನ್ನುವವನನ್ನು ನಂದಿ ಕಡೆ ಕಳಿಸಿದರು. ಹೌದು, ಗೌಡಿ. ಹೆಸರು ಕೇಳಿ ನಮ್ಮ ಕಡೆಯವನೇ ಅಂದುಕೊಳ್ಳಬೇಡಿ, ಅವನು ಕಂಪನಿಯ ಅಧಿಕಾರಿ. ಮೇಲೆ ಕೋಟೆಯಲ್ಲಿ ಇದ್ದವನು ಲುತ್ಫ್ ಅಲಿ ಬೇಗ್. ಸುಮ್ನೆ ಸಿಕ್ಕಿದವನನ್ನು ಟಿಪ್ಪು ಅಲ್ಲಿ ಕೂರಿಸಿರಲಿಲ್ಲ. ಗಟ್ಟಿ ಕುಳ.

ಈಗ ಗೌಡಿಯ ಜಾಗದಲ್ಲಿ ನಿಂತು ನೋಡಿ. ಗೋಡೆ ಒಡೆಯಬೇಕು ಅಂದರೆ ಭಾರದ ಫಿರಂಗಿ ಬೇಕು. ಭಾರದ ಫಿರಂಗಿ ಅಂದರೆ ಕಬ್ಬಿಣದ ದಿಮ್ಮಿ, ಎರಡು ಟನ್ನಿಗೆ ಕಡಿಮೆ ಇಲ್ಲ, ಜೊತೆಗೆ ಮರದ ಗಾಡಿ, ಗುಂಡು, ಮದ್ದು. ಬುಡದಿಂದ ಹೊಡೆದರೆ ಗುಂಡು ಮೇಲಿನವರೆಗೆ ಹೋಗಿ ಗೋಡೆ ಒಡೆಯುವುದಿಲ್ಲ. ಫಿರಂಗಿಯನ್ನೇ ಬೆಟ್ಟದ ಮೇಲೆ ಒಯ್ಯಬೇಕು. ಒಯ್ಯುವುದಕ್ಕೆ ರಸ್ತೆ ಇಲ್ಲ. ಇರುವುದು ಮನುಷ್ಯರ ಕಾಲುದಾರಿ ಮತ್ತು ಮೆಟ್ಟಿಲು, ಅದೂ ಮೇಲಿನವರ ಕೋವಿಗೆ ನೇರ ಕಾಣುವ ಹಾಗೆ.

ಅವರು ರಸ್ತೆ ಕಡಿದರು. ಮುತ್ತಿಗೆ ನಡೆದದ್ದು 21 ದಿನ, ಅದರಲ್ಲಿ ಜಾಸ್ತಿ ದಿನ ಹೋಗಿದ್ದು ಯುದ್ಧಕ್ಕಲ್ಲ, ರಸ್ತೆ ಕೆಲಸಕ್ಕೆ. ಬಂಡೆ ಸೀಳಿ, ಪೊದೆ ಕಡಿದು, ಕಲ್ಲು ತುಂಬಿ, ಇಳಿಜಾರಿನ ಮೇಲೆ ಅಂಕುಡೊಂಕು ದಾರಿ. ಮೇಲಿಂದ ಗುಂಡು ಬೀಳುತ್ತಲೇ ಇದೆ. ದಾರಿ ಆದ ಮೇಲೆ ಎಳೆಯುವುದಕ್ಕೆ ಎತ್ತು ಸಾಲಲಿಲ್ಲ. ಆನೆ ತಂದರು. ಮುಂದೆ ಹಗ್ಗ ಹಿಡಿದು ಜನ ಎಳೆಯುವುದು, ಹಿಂದಿನಿಂದ ಆನೆ ಹಣೆ ಕೊಟ್ಟು ನೂಕುವುದು. ಗಾಡಿ ಹಿಂದಕ್ಕೆ ಜಾರುವ ಹೊತ್ತಿಗೆ ಆನೆ ಹೇಳಿಸಿಕೊಳ್ಳದೆ ತಾನೇ ತಡೆದು ನಿಲ್ಲುತ್ತಿತ್ತು. ಆನೆಗಳು ಇಲ್ಲದಿದ್ದರೆ ಆ ಫಿರಂಗಿಗಳು ಮೇಲೆ ಹೋಗುತ್ತಲೇ ಇರಲಿಲ್ಲ ಅಂತ ಆ ದಂಡಿನಲ್ಲಿದ್ದವರೇ ಒಪ್ಪಿಕೊಂಡಿದ್ದಾರೆ. ಬೆಟ್ಟದ ಆ ಮೈಯಲ್ಲಿ ನಾನು ಒಂದು ಸಲ ಖಾಲಿ ಕೈಯಲ್ಲಿ, ಬೆನ್ನಿಗೆ ಒಂದು ನೀರಿನ ಬಾಟಲಿ ಕಟ್ಟಿಕೊಂಡು ಹತ್ತಿದೆ. ಅರ್ಧ ದಾರಿಗೆ ಬಾಟಲಿಯೇ ಭಾರ ಅನ್ನಿಸಿತು.

ಬತೇರಿ ಕಟ್ಟಿ ಫಿರಂಗಿ ಕೂರಿಸಿದ ಮೇಲೆ ಹೊರಗೋಡೆಯಲ್ಲಿ ಎರಡು ಕಡೆ ಬಿರುಕು ಬಿತ್ತು. ಒಳಗೋಡೆ ಹಾಗೇ ಇದೆ. ಅಷ್ಟರಲ್ಲಿ ಕಾರ್ನ್‌ವಾಲಿಸ್ ತಾನೇ ದಂಡು ತೊಗೊಂಡು ಬಂದು ಬೆಟ್ಟಕ್ಕೆ ಕಾಣುವ ಹಾಗೆ ಡೇರೆ ಹಾಕಿದ. ಹೆದರಿ ಬಾಗಿಲು ತೆಗೆಯಲಿ ಅಂತ. ಲುತ್ಫ್ ಅಲಿ ಬೇಗ್ ತೆಗೆಯಲಿಲ್ಲ.

ಲಗ್ಗೆ ಇಟ್ಟಿದ್ದು ಅಕ್ಟೋಬರ್ 19ರ ಬೆಳಗಿನ ಜಾವ. ಬೆಳದಿಂಗಳಿತ್ತು. ದೀಪಾವಳಿಗೆ ಇನ್ನೊಂದು ವಾರ, ಕೃಷ್ಣಪಕ್ಷದ ನಡುಭಾಗ, ಅಂದರೆ ಚಂದ್ರ ಹುಟ್ಟುವುದೇ ನಡುರಾತ್ರಿಯ ಹೊತ್ತಿಗೆ. ಅವರು ಕಾದು ಕೂತಿದ್ದು ಅದಕ್ಕೇ. ಮುಂದೆ ನಿಂತವನು ಜನರಲ್ ಮೆಡೋಸ್. ಹೊಂಚು ಹಾಕಿ ಕೂತ ಸೈನಿಕರಲ್ಲಿ ಯಾರೋ ಒಬ್ಬ ಪಿಸುಗುಟ್ಟಿದನಂತೆ, ಮೇಲೆ ಮೈನ್ ಇಟ್ಟಿದ್ದಾರೆ ಅಂತ. ಮದ್ದು ತುಂಬಿದ ಸುರಂಗ. ಕಾಲಿಟ್ಟರೆ ಸಿಡಿಯುತ್ತದೆ. ಅದು ಮೆಡೋಸನ ಕಿವಿಗೆ ಬಿತ್ತು. ಇದ್ದರೆ ಅದು ಚಿನ್ನದ ಮೈನೇ ಅಂದುಬಿಟ್ಟ. ಇಂಗ್ಲಿಷಿನಲ್ಲಿ ಮದ್ದಿನ ಸುರಂಗಕ್ಕೂ ಚಿನ್ನದ ಗಣಿಗೂ ಅದೇ ಪದ. ಹುಡುಗರು ನಕ್ಕರು, ಭಯ ಹೋಯಿತು. ಒಳಗೆ ಲೂಟಿ ಕಾದಿದೆ ಅನ್ನುವ ಆಸೆಯೂ ಸೇರಿಕೊಂಡಿತು ಅಂತ ನನ್ನ ಊಹೆ.

ತಮಾಷೆ ಏನು ಗೊತ್ತಾ? ನೂರು ವರ್ಷ ಆದ ಮೇಲೆ ಕೋಲಾರದ ಚಿನ್ನದ ಗಣಿಯಲ್ಲಿ ನಿಜವಾಗಿ ನಂದಿದುರ್ಗ ಅನ್ನುವ ಹೆಸರಿನ ಮೈನ್ ಬಂತು. ಕೆಜಿಎಫ್ ಕಡೆಯವರು ಯಾರಾದರೂ ಇದ್ದರೆ ನಂದಿದ್ರೂಗ್ ಮೈನ್ ಅಂದ ತಕ್ಷಣ ತಲೆ ಆಡಿಸುತ್ತೀರಿ. ಹಾಂ, ಅಲ್ಲಿ ಹಿಂದೆ ಒಬ್ಬರು ಆಡಿಸಿದರು!

ವಾಪಸ್ ಬೆಟ್ಟಕ್ಕೆ. ಎರಡು ಬಿರುಕಿನ ಕಡೆಗೂ ಒಟ್ಟಿಗೆ ನುಗ್ಗಿದರು. ಮೇಲಿನವರು ಫಿರಂಗಿ, ಕೋವಿ ಹೊಡೆದರು, ಆದರೆ ಅವರ ನಿಜವಾದ ಆಯುಧ ಕಲ್ಲು. ಮೊದಲೇ ಗುಡ್ಡೆ ಹಾಕಿಟ್ಟಿದ್ದ ಗುಂಡುಕಲ್ಲುಗಳನ್ನು ಇಳಿಜಾರಿಗೆ ಉರುಳಿಸಿಬಿಟ್ಟರು. ಲಗ್ಗೆಯಲ್ಲಿ ಪೆಟ್ಟಾದವರಲ್ಲಿ ಜಾಸ್ತಿ ಜನಕ್ಕೆ ಪೆಟ್ಟು ಬಿದ್ದಿದ್ದು ಈ ಕಲ್ಲಿನಿಂದ. ಎರಡು ರಾಜ್ಯಗಳು, ಅಷ್ಟೊಂದು ಫಿರಂಗಿ, ಮದ್ದು, ಕೊನೆಗೆ ಬೆಟ್ಟ ಕಾದಿದ್ದು ಬೆಟ್ಟದ ಕಲ್ಲೇ. ಆದರೆ ನುಗ್ಗಿದವರ ವೇಗ ಹೆಚ್ಚಾಯಿತು. ಹೊರಗೋಡೆ ಬಿಟ್ಟು ಒಳಗೆ ಓಡುತ್ತಿದ್ದ ಕಾವಲಿನವರ ಬೆನ್ನಿಗೇ ಇವರೂ ಓಡಿದರು. ಒಳಬಾಗಿಲ ಅಗುಳಿಯನ್ನು ಸರಿಯಾಗಿ ಹಾಕುವುದಕ್ಕೂ ಹೊತ್ತು ಸಿಗಲಿಲ್ಲ. ಬಾಗಿಲು ನೂಕಿ ಒಳಗೆ ಬಂದರು. ಅಷ್ಟು ಕಷ್ಟಪಟ್ಟು ಕಟ್ಟಿದ ಎರಡನೇ ಗೋಡೆ, ಒಂದು ಗುಂಡೂ ತಿನ್ನದೆ ಸೋತಿತು, ಒಂದು ಅಗುಳಿಯ ಕಾರಣಕ್ಕೆ. ಒಳಗಿದ್ದವರಲ್ಲಿ ಎಷ್ಟೋ ಜನ ಗೋಡೆ ಇಳಿದು ತಪ್ಪಿಸಿಕೊಂಡರು. ಲುತ್ಫ್ ಅಲಿ ಬೇಗ್ ಸಿಕ್ಕಿಬಿದ್ದ.

ತಾರೀಕು ಇನ್ನೊಂದು ಸಲ ನೋಡಿ. 1791ರ ಅಕ್ಟೋಬರ್ 19. ಅದಕ್ಕೆ ಸರಿಯಾಗಿ ಹತ್ತು ವರ್ಷದ ಹಿಂದೆ, 1781ರ ಅಕ್ಟೋಬರ್ 19ಕ್ಕೆ, ಇದೇ ಕಾರ್ನ್‌ವಾಲಿಸನ ದಂಡು ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿ ಕೋವಿ ಕೆಳಗಿಟ್ಟಿತ್ತು. ಅಲ್ಲಿ ಅವನು ಒಳಗೆ, ಮುತ್ತಿದವರು ಹೊರಗೆ. ಆ ದಿನ ಅವನ ತಲೆಯಲ್ಲಿ ಇದು ಓಡಿತ್ತೋ ಇಲ್ಲವೋ, ನನಗಂತೂ ಪ್ರತಿ ಸಲ ಬೆಟ್ಟ ಹತ್ತುವಾಗ ಓಡುತ್ತದೆ.

ಎರಡು ತಿಂಗಳಲ್ಲಿ ಸಾವನದುರ್ಗವೂ ಬಿತ್ತು, ಡಿಸೆಂಬರ್ 21ಕ್ಕೆ. ಆ ಬಂಡೆ ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ, ಅಲ್ವಾ? ಅಲ್ಲೂ ಅದೇ ಕಥೆ. ಬಿದಿರು ಮೆಳೆ ಕಡಿದು ಫಿರಂಗಿಗೆ ದಾರಿ ಮಾಡಿದರು, ದಾರಿ ಆದ ಮೇಲೆ ಕೋಟೆ ಹೆಚ್ಚು ದಿನ ನಿಲ್ಲಲಿಲ್ಲ. 1792ರ ಫೆಬ್ರವರಿಗೆ ಅವರು ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಹಿಂದೆ ಅಕ್ಕಿಯ ದಾರಿ ತೆರೆದಿತ್ತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಎರಡು ಮಕ್ಕಳನ್ನು ಒತ್ತೆ ಕೊಡಬೇಕಾಯಿತು. ನಂದಿಯಲ್ಲಿ ಜೋಕು ಹೊಡೆದ ಮೆಡೋಸನ ಪಾಡೂ ಚೆನ್ನಾಗಿರಲಿಲ್ಲ. ಶ್ರೀರಂಗಪಟ್ಟಣದ ರಾತ್ರಿ ದಾಳಿಯಲ್ಲಿ ಅವನ ತುಕಡಿ ದಾರಿ ತಪ್ಪಿತು. ಆ ಅವಮಾನ ತಡೆಯಲಾಗದೆ ಕೆಲವು ದಿನದಲ್ಲಿ ತಾನೇ ಪಿಸ್ತೂಲಿನಿಂದ ಹೊಡೆದುಕೊಂಡ. ಬದುಕಿ ಉಳಿದ. ದಾರಿ ಅನ್ನುವುದು ಹೀಗೂ ಕಾಡುತ್ತದೆ.

ಆಮೇಲಿನ ನಂದಿ ಬೇರೆಯದೇ ಬೆಟ್ಟ. ಯುದ್ಧ ಮುಗಿಯಿತು, ಕಾವಲು ಇಲ್ಲ, ಗಾಳಿ ತಣ್ಣಗಿದೆ. ಬೆಂಗಳೂರಿನ ಬಿಸಿಲಿಗೆ ಬೆಂದ ಇಂಗ್ಲಿಷರಿಗೆ ಇನ್ನೇನು ಬೇಕು. ಫ್ರಾನ್ಸಿಸ್ ಕನ್ನಿಂಗ್‌ಹ್ಯಾಮ್ ಅನ್ನುವ ಅಧಿಕಾರಿ ಮೇಲೊಂದು ಬಂಗಲೆ ಕಟ್ಟಿಸಿದ. ನಮ್ಮ ಕನ್ನಿಂಗ್‌ಹ್ಯಾಮ್ ರಸ್ತೆ ಇವನ ಹೆಸರಿನದ್ದೇ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಬಂತಂದರೆ ಇಲ್ಲಿಗೆ ಬಂದುಬಿಡುತ್ತಿದ್ದ. ಅಂದರೆ ವರ್ಷದಲ್ಲಿ ಕೆಲವು ತಿಂಗಳು ಮೈಸೂರು ರಾಜ್ಯದ ಕಾಗದಪತ್ರ ಎಲ್ಲ ಈ ಬೆಟ್ಟ ಹತ್ತಿ ಇಳಿಯುತ್ತಿತ್ತು, ಆಳುಗಳ ತಲೆ ಮೇಲೆ. 1927ರಲ್ಲಿ ಗಾಂಧೀಜಿ ಹುಷಾರು ತಪ್ಪಿದಾಗ ಇಲ್ಲಿಗೆ ಬಂದು ಸುಧಾರಿಸಿಕೊಂಡರು, 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಬೆಂಗಳೂರಲ್ಲಿ ಸಾರ್ಕ್ ಸಭೆ ಆದಾಗ ಏಳು ದೇಶಗಳ ಮುಖ್ಯಸ್ಥರನ್ನು ಇಲ್ಲಿಗೇ ಕರೆತಂದರು. ಕೋಟೆ ಗೆಸ್ಟ್ ಹೌಸ್ ಆಯಿತು. ನನಗೇನೂ ಬೇಜಾರಿಲ್ಲ. ಗೆಸ್ಟ್ ಹೌಸ್ ಆಗದ ಎಷ್ಟೋ ಕೋಟೆಗಳ ಕಲ್ಲು ಇವತ್ತು ಯಾರ್ಯಾರದೋ ಕಾಂಪೌಂಡಿನಲ್ಲಿದೆ.

ಮೋಟಾರು ರಸ್ತೆ ಬಂದ ಮೇಲಿನ ಕಥೆ ನಿಮಗೇ ಗೊತ್ತು. 21 ದಿನ ಹಿಡಿದ ಕೆಲಸ 20 ನಿಮಿಷಕ್ಕೆ ಬಂತು, ವಾರದ ದಿನ ಹೋದರೆ. ಭಾನುವಾರ ಹೋದರೆ ಮುತ್ತಿಗೆ ಈಗಲೂ ಇದೆ. ಬುಡದಿಂದ ಕಾರು ಬೈಕು ಸಾಲು ನಿಂತಿರುತ್ತವೆ, ಹಾರ್ನೇ ಫಿರಂಗಿ.

2021ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಹೊಡೆದು ಗುಡ್ಡ ಕುಸಿಯಿತು. ಬಂಡೆ, ಮಣ್ಣು, ಮರ ಎಲ್ಲ ಬಂದು ಮೇಲೆ ಹೋಗುವ ರಸ್ತೆ ಕಿತ್ತುಹೋಯಿತು. ತಿಂಗಳುಗಟ್ಟಲೆ ಜನಕ್ಕೆ ಬೆಟ್ಟ ಬಂದ್. ಟಿವಿಯಲ್ಲಿ ಆ ಚಿತ್ರ ನೋಡಿದಾಗ ನನಗೆ ಥಟ್ಟನೆ ನೆನಪಾಗಿದ್ದು ಉರುಳಿಸಿದ ಗುಂಡುಕಲ್ಲು. ಲುತ್ಫ್ ಅಲಿ ಬೇಗ್‌ನ ಜನ ಇನ್ನೂ ಮೇಲೆ ಇದ್ದಾರೇನೋ ಅನ್ನಿಸಿತು. ಆಮೇಲೆ ರೋಪ್‌ವೇ ಯೋಜನೆಯೂ ಬಂದಿದೆ. ಒಳ್ಳೆಯದೋ ಕೆಟ್ಟದ್ದೋ ನೀವೇ ವಾದ ಮಾಡಿ. ವಯಸ್ಸಾದವರಿಗೆ ಅನುಕೂಲ ಅನ್ನುವುದು ನಿಜ. ಮೇಲೆ ಇನ್ನಷ್ಟು ಜನ ತುಂಬಿದರೆ ಆ ಸುಣ್ಣದ ಗಾರೆ ಎಷ್ಟು ದಿನ ತಡೆದೀತು ಅನ್ನುವ ಭಯ ನನಗೆ ಇದ್ದೇ ಇದೆ.

ಹೋಗುವವರಿಗೆ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ಒಂದು ಸಲವಾದರೂ ಸುಲ್ತಾನಪೇಟೆ ಕಡೆಯಿಂದ ಹಳೇ ಮೆಟ್ಟಿಲು ಹತ್ತಿ. ಮೊಣಕಾಲು ಬೈಯುತ್ತದೆ, ಬೈಯಲಿ. ಮೇಲೆ ಗೋಡೆಯ ಹತ್ತಿರ ಬಂದಾಗ ಕಲ್ಲಿನ ಗೋಡೆಯ ಮೇಲಿರುವ ಇಟ್ಟಿಗೆಯ ಕೈಪಿಡಿ ಗೋಡೆ ನೋಡಿ, ಗಾರೆ ಉದುರಿ ಇಟ್ಟಿಗೆ ಕಾಣುತ್ತಿರುತ್ತದೆ. ಅದರಲ್ಲಿ ಸಾಲಾಗಿ ತುಪಾಕಿ ಕಿಂಡಿಗಳಿವೆ. ಕಿಂಡಿಗೆ ಕಣ್ಣಿಡಿ. ಕೆಲವು ನೇರ ಆಕಾಶಕ್ಕೆ ತೆರೆದಿವೆ, ದೂರದವರನ್ನು ಹೊಡೆಯಲು. ಕೆಲವು ಕೆಳಕ್ಕೆ ಬಾಗಿವೆ, ಬುಡಕ್ಕೆ ಬಂದುಬಿಟ್ಟವರನ್ನು ಹೊಡೆಯಲು. ಕೆಳಕ್ಕೆ ಬಾಗಿದ ಕಿಂಡಿಯಲ್ಲಿ ನೋಡಿದರೆ ಮಂಜು ಸರಿದಾಗ ಅಂಗೈಯಗಲ ದಾರಿ ಕಾಣುತ್ತದೆ. ಆಮೇಲೆ ಬಾಗಿಲ ಹತ್ತಿರ ಬನ್ನಿ. ಬಾಗಿಲು ಹೋಗಿದೆ. ಎರಡೂ ಕಡೆಯ ಕಲ್ಲಿನಲ್ಲಿ ಅಗುಳಿ ಕೂರುವ ಚೌಕದ ಗೂಡು ಹುಡುಕಿ, ಒಳಗೆ ಕೈ ಹಾಕಿ ನೋಡಿ. ಮೊಣಕೈವರೆಗೆ ಹೋಗುವಂಥದ್ದೂ ಇರುತ್ತದೆ. ಹಾವು ಇಲ್ಲ ಅಂತ ಮೊದಲು ಟಾರ್ಚ್ ಬಿಟ್ಟು ನೋಡಿಕೊಳ್ಳಿ. ಮತ್ತೆ ಭಾನುವಾರ ಬೇಡ, ಮಂಗಳವಾರ ಹೋಗಿ.